ನಿಲ್ಲಿಸಿದ ಮಾತ್ರೆ ಡಬ್ಬಿಯಲ್ಲೇ ಇತ್ತು

ಮಾತ್ರೆ ಶುರು ಮಾಡುವಾಗ ಇಡೀ ಮನೆಯನ್ನು ಕೂರಿಸಿಕೊಂಡು ಹೇಳುತ್ತೇವೆ. ಯಾಕೆ ಬೇಕು, ಯಾವಾಗ ನುಂಗಬೇಕು, ಮರೆತರೆ ಏನಾಗುತ್ತದೆ, ಎಲ್ಲ. ಅದೇ ಮಾತ್ರೆ ನಿಲ್ಲಿಸುವಾಗ ಚೀಟಿಯ ಮೇಲೊಂದು ಗೆರೆ ಎಳೆದು "ಇನ್ನು ಇದು ಬೇಡ" ಎಂದು ಕಳಿಸಿಬಿಡುತ್ತೇವೆ. ಹೃದಯಕ್ಕೆ ಪಂಪ್ ಹಾಕಿಸಿಕೊಂಡವರ ಮನೆಗಳಲ್ಲಿ ಇದರಿಂದ ಆಗುವ ತೊಂದರೆ ನನ್ನ ಮುಂದೆ ಮತ್ತೆ ಮತ್ತೆ ಬರುತ್ತಿದೆ. ಅದಕ್ಕೇ ಈ ಒಂದು ಪ್ರಕರಣ ಬರೆಯುತ್ತಿದ್ದೇನೆ. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ. ಗಂಡ ಹೆಂಡತಿ ಇಬ್ಬರ ಒಪ್ಪಿಗೆಯೂ ಇದೆ.

ಗಂಡನಿಗೆ ಐವತ್ತು ದಾಟಿದೆ. ಹೃದಯ ಬಲ ಕಳೆದುಕೊಂಡ ಮೇಲೆ ಎಡ ಹೃತ್ಕುಕ್ಷಿಗೆ ಪಂಪ್ ಜೋಡಿಸಿ ಕೆಲವು ವರ್ಷಗಳಾಗಿವೆ. ಹೊಟ್ಟೆಯ ಚರ್ಮದಿಂದ ಹೊರಬರುವ ಡ್ರೈವ್‌ಲೈನ್ ಎಂಬ ವೈರು, ಸೊಂಟದಲ್ಲಿ ಪಂಪನ್ನು ನಿಯಂತ್ರಿಸುವ ಕಂಟ್ರೋಲರ್, ಎರಡು ಪಕ್ಕಕ್ಕೆ ಎರಡು ಬ್ಯಾಟರಿ. ನೋಡಿಕೊಳ್ಳುವುದೆಲ್ಲ ಹೆಂಡತಿ. ಡ್ರೆಸ್ಸಿಂಗ್ ಬದಲಿಸುವುದು, ಬ್ಯಾಟರಿ ಚಾರ್ಜಿಗಿಡುವುದು, ಮಾತ್ರೆಯ ಡಬ್ಬಿ ತುಂಬುವುದು, ಐಎನ್‌ಆರ್, ಅಂದರೆ ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ತೋರಿಸುವ ಪರೀಕ್ಷೆಯ ಸಂಖ್ಯೆ, ಬರೆದಿಡುವುದು. ಆಕೆ ನನ್ನ ಬಳಿ ಬಂದಿದ್ದು ನಿದ್ದೆ ಬರುವುದಿಲ್ಲ ಎಂದು. ಅಲಾರಂ ಹೊಡೆಯದೇ ಇದ್ದರೂ ಹೊಡೆದ ಹಾಗೆ ಕೇಳಿಸುತ್ತದಂತೆ. ಎದ್ದು ಹೋಗಿ ಕಂಟ್ರೋಲರಿನ ಹಸಿರು ದೀಪ ನೋಡಿ ಬಂದು ಮಲಗುವುದು. ಮತ್ತೆ ಏಳುವುದು.

ಮೊದಲ ಭೇಟಿಗಳಲ್ಲಿ ನಾವು ನಿದ್ದೆಯ ಬಗ್ಗೆಯೇ ಮಾತಾಡಿದೆವು. ಅದರ ವಿವರ ಇಲ್ಲಿ ಬೇಡ.

ಗಂಡನ ಫೈಲಿನಲ್ಲಿ ಬೇರೆ ಒಂದು ಕತೆ ನಡೆಯುತ್ತಿತ್ತು. ಮೂಗಿನಿಂದ ರಕ್ತ. ಆಮೇಲೆ ಡಾಂಬರಿನಂತೆ ಕಪ್ಪು ಮಲ. ಹಿಮೋಗ್ಲೋಬಿನ್ ಇಳಿಯುತ್ತಿದೆ. ವೈದ್ಯರು ಆಸ್ಪಿರಿನ್ ನಿಲ್ಲಿಸಿ ಕೆಲವು ವಾರಗಳೇ ಆಗಿವೆ, ಆದರೂ ರಕ್ತ ನಿಂತಿಲ್ಲ.

ಆಸ್ಪಿರಿನ್ ಯಾಕೆ ಕೊಡುತ್ತಿದ್ದರು, ಯಾಕೆ ನಿಲ್ಲಿಸಿದರು ಎನ್ನುವುದನ್ನು ಇಲ್ಲಿ ಹೇಳಲೇಬೇಕು. ಪಂಪಿನೊಳಗೆ ರಕ್ತ ಹೆಪ್ಪುಗಟ್ಟಿದರೆ ಪಂಪ್ ಕೆಡಬಹುದು, ಮೆದುಳಿಗೆ ಹೋಗಿ ಪಾರ್ಶ್ವವಾಯು ಆಗಬಹುದು. ಅದನ್ನು ತಡೆಯಲು ವಾರ್ಫರಿನ್, ಅದರ ಜೊತೆಗೆ ಆಸ್ಪಿರಿನ್. ಇದು ಬಹಳ ಕಾಲದ ರೂಢಿ. ಹಳೆಯ ಪಂಪುಗಳಿಗೆ ಅದಕ್ಕೆ ಕಾರಣವೂ ಇತ್ತು. ಇನ್ನೊಂದು ಕಡೆ, ವೇಗವಾಗಿ ತಿರುಗುವ ಪಂಪ್ ರಕ್ತದಲ್ಲಿರುವ ವಾನ್ ವಿಲ್ಲೆಬ್ರಾಂಡ್ ಎಂಬ ಉದ್ದನೆಯ ಪ್ರೋಟೀನನ್ನು ತುಂಡರಿಸುತ್ತದೆ. ಗಾಯದ ಕಡೆ ರಕ್ತ ನಿಲ್ಲಿಸಲು ಬೇಕಾದದ್ದು ಅದೇ. ಕರುಳಿನಲ್ಲಿ ಸಣ್ಣ ಸಣ್ಣ ದುರ್ಬಲ ರಕ್ತನಾಳಗಳೂ ಹುಟ್ಟಿಕೊಳ್ಳುತ್ತವೆ. ಹೀಗಾಗಿ ಇವರಿಗೆ ರಕ್ತ ಹೆಪ್ಪುಗಟ್ಟುವ ಭಯವೂ ಇದೆ, ಸೋರುವ ಭಯವೂ ಇದೆ.

2023ರಲ್ಲಿ ಏರೀಸ್ ಎಂಬ ಅಧ್ಯಯನದ ಫಲಿತಾಂಶ ಬಂತು. ಹಾರ್ಟ್‌ಮೇಟ್ 3 ಎಂಬ ಪಂಪ್ ಹಾಕಿಸಿಕೊಂಡ 628 ಜನ, 9 ದೇಶಗಳವರು. ಎಲ್ಲರಿಗೂ ವಾರ್ಫರಿನ್ ಬಗೆಯ ಔಷಧಿ ಇತ್ತು. ಅದರ ಜೊತೆ ಅರ್ಧ ಜನಕ್ಕೆ 100 ಮಿಲಿಗ್ರಾಂ ಆಸ್ಪಿರಿನ್, ಉಳಿದರ್ಧಕ್ಕೆ ಔಷಧಿಯಿಲ್ಲದ ಖಾಲಿ ಮಾತ್ರೆ. ಯಾರಿಗೆ ಯಾವುದು ಎಂದು ವೈದ್ಯರಿಗೂ ಗೊತ್ತಿಲ್ಲ, ರೋಗಿಗೂ ಗೊತ್ತಿಲ್ಲ. ಒಂದು ವರ್ಷದ ಕೊನೆಗೆ, ಹೆಪ್ಪು ಅಥವಾ ರಕ್ತಸ್ರಾವದ ದೊಡ್ಡ ತೊಂದರೆಯಿಲ್ಲದೆ ಬದುಕಿದ್ದವರು ಆಸ್ಪಿರಿನ್ ಗುಂಪಿನಲ್ಲಿ 68%, ಖಾಲಿ ಮಾತ್ರೆಯ ಗುಂಪಿನಲ್ಲಿ 74%. ಆಸ್ಪಿರಿನ್ ಇಲ್ಲದವರಲ್ಲಿ ದೊಡ್ಡ ರಕ್ತಸ್ರಾವ ಸುಮಾರು ಮೂರನೇ ಒಂದರಷ್ಟು ಕಡಿಮೆ. ಹೆಪ್ಪಿನ ತೊಂದರೆ ಹೆಚ್ಚಾಗಲಿಲ್ಲ. ಇವರ ಪಂಪ್, ಇವರ ಉಳಿದ ಕಾಯಿಲೆಗಳು ಎಲ್ಲ ನೋಡಿ, ನಿಮಗೂ ಇದು ಅನ್ವಯಿಸುತ್ತದೆ ಎಂದು ವೈದ್ಯರು ನಿರ್ಧರಿಸಿದ್ದರು. ಚೀಟಿಯಲ್ಲಿ ಗೆರೆ ಬಿದ್ದದ್ದು ಹಾಗೆ.

ಈಗ ಆ ದಿನದ ಮಾತಿಗೆ ಬರುತ್ತೇನೆ. ರಾತ್ರಿ ಮಲಗುವ ಮುಂಚೆ ಏನೇನು ಮಾಡುತ್ತೀರಿ, ಒಂದೊಂದಾಗಿ ಹೇಳಿ ಎಂದು ಕೇಳಿದ್ದೆ. ನಿದ್ದೆಯ ತೊಂದರೆ ಇರುವ ಎಲ್ಲರನ್ನೂ ಕೇಳುವ ಪ್ರಶ್ನೆ ಅದು. ಬಾಗಿಲು ಹಾಕ್ತೀನಿ, ಪ್ಲಗ್ ನೋಡ್ತೀನಿ, ಬ್ಯಾಕಪ್ ಬ್ಯಾಟರಿ ಹತ್ತಿರ ಇಡ್ತೀನಿ, ನಾಳೆಯ ಮಾತ್ರೆ ತುಂಬ್ತೀನಿ ಎಂದರು. ಯಾವ ಯಾವ ಮಾತ್ರೆ ಎಂದು ಕೇಳಿದೆ. ಕಣ್ಣು ಮುಚ್ಚಿಕೊಂಡು ಹೆಸರು ಹೇಳುತ್ತಾ ಹೋದರು. ಪಾಠ ಒಪ್ಪಿಸುವ ಹಾಗೆ. ನಡುವೆ ಆಸ್ಪಿರಿನ್ ಬಂತು.

ನಾನು ಏನೂ ಹೇಳಲಿಲ್ಲ. ಅವರೇ ಕಣ್ಣು ಬಿಟ್ಟರು.

"ನಿಲ್ಲಿಸಿ ಅಂದಿದ್ರು, ಗೊತ್ತು" ಎಂದರು. "ಆಪರೇಷನ್ ಆದಾಗ ಇದೇ ಜನ ನನ್ನ ಕೂರಿಸಿ ಹೇಳಿದ್ರು. ಒಂದು ಮಾತ್ರೆ ತಪ್ಪಿದ್ರೂ ಹೆಪ್ಪುಗಟ್ಟಬಹುದು ಅಂತ. ಒಂದು ದಿನಾನೂ ತಪ್ಪಿಸಿಲ್ಲ. ಈಗ ಸುಮ್ನೆ ಬೇಡ ಅಂದ್ರೆ? ನಾಳೆ ಏನಾದ್ರೂ ಆದ್ರೆ, ಮಾತ್ರೆ ನಿಲ್ಲಿಸಿದ ಕೈ ನಂದೇ ಅಲ್ವಾ?"

ಗಂಡನಿಗೆ ಗೊತ್ತಾ ಎಂದು ಕೇಳಿದೆ. ಇಲ್ಲವಂತೆ. ಅವರು ಡಬ್ಬಿ ತೆರೆದು ಇದ್ದದ್ದನ್ನು ನುಂಗುತ್ತಾರೆ. ದಯವಿಟ್ಟು ಯಾರಿಗೂ ಹೇಳಬೇಡಿ ಎಂದರು.

ನನ್ನ ಸಲಹೆ ಹೀಗಿತ್ತು. ಕ್ಲಿನಿಕ್ಕಿನಲ್ಲಿ ಪಂಪಿನ ರೋಗಿಗಳನ್ನು ವಿಚಾರಿಸಿಕೊಳ್ಳುವ ಕೋಆರ್ಡಿನೇಟರಿಗೆ ಈಗಲೇ, ಈ ಕೋಣೆಯಿಂದಲೇ, ನೀವೇ ಫೋನ್ ಮಾಡಿ. ನಾನು ಪಕ್ಕದಲ್ಲಿ ಕೂತಿರುತ್ತೇನೆ. ಇವತ್ತಿನ ಡಬ್ಬಿಯಿಂದ ಏನು ತೆಗೆಯಬೇಕು, ಏನು ಬಿಡಬೇಕು ಎನ್ನುವುದನ್ನು ಅವರು ಹೇಳಲಿ, ನಾನು ಹೇಳುವುದಿಲ್ಲ. ಸಂಜೆಯೊಳಗೆ ಗಂಡನಿಗೂ ಹೇಳಿ. ನುಂಗುತ್ತಿರುವುದು ಏನು ಎಂದು ತಿಳಿಯುವ ಹಕ್ಕು ಅವರದ್ದು.

ಇದನ್ನು ಕೇಳಿದ ಒಬ್ಬ ಸಹೋದ್ಯೋಗಿ ಮುಖ ಸಿಂಡರಿಸಿದರು. ಬಸವಳಿದು ಬಂದ ಹೆಂಗಸು, ಮೊದಲ ಸಲ ಮನಸ್ಸು ಬಿಚ್ಚಿದ್ದಾಳೆ, ಅವಳ ಕೈಗೆ ತಕ್ಷಣ ಫೋನ್ ಕೊಟ್ಟರೆ ಇನ್ನು ನಂಬುತ್ತಾಳಾ ಎಂದರು. ಒಂದು ವಾರ ಕಾಯಬಹುದಿತ್ತಂತೆ. ಬೇರೆ ಪ್ರಕರಣವಾಗಿದ್ದರೆ ನಾನೂ ಕಾಯುತ್ತಿದ್ದೆ. ಇಲ್ಲಿ ಕಾಯಲು ಆಗುತ್ತಿರಲಿಲ್ಲ, ಯಾಕೆ ಎನ್ನುವುದು ಫೈಲ್ ಓದಿದವರಿಗೆ ಗೊತ್ತಾಗುತ್ತದೆ. ಆಸ್ಪಿರಿನ್ ನಿಲ್ಲಿಸಿದರೂ ರಕ್ತ ಹೋಗುತ್ತಿದೆ ಎಂದೇ ವೈದ್ಯರು ನಂಬಿದ್ದರು. ಮುಂದಿನ ಭೇಟಿಯಲ್ಲಿ ವಾರ್ಫರಿನ್ ಇಳಿಸುವ ಮಾತಿತ್ತು. ಈ ರೋಗಿಗಳಲ್ಲಿ ಐಎನ್‌ಆರ್ ಸಾಮಾನ್ಯವಾಗಿ 2ರಿಂದ 3ರ ನಡುವೆ ಇರಬೇಕು. ಏರೀಸ್ ಅಧ್ಯಯನದಲ್ಲಿ ಬಿಟ್ಟದ್ದು ಆಸ್ಪಿರಿನ್ ಮಾತ್ರ, ವಾರ್ಫರಿನ್ ಅಲ್ಲ. ತಪ್ಪು ಮಾಹಿತಿಯ ಮೇಲೆ ವಾರ್ಫರಿನ್ ಇಳಿಸಿದರೆ, ಯಾವ ಹೆಪ್ಪಿಗೆ ಆಕೆ ಹೆದರಿದ್ದರೋ ಅದೇ ಬರಬಹುದಿತ್ತು. ಅದೂ ಆಕೆಯ ಗುಟ್ಟಿನಿಂದಲೇ. ಒಂದು ವಾರ ಆಕೆಯ ನಂಬಿಕೆ ಕಾಪಾಡಲು ಹೋಗಿ ಅಂಥದ್ದೊಂದು ಭಾರ ಆಕೆಯ ತಲೆ ಮೇಲೆ ಹೊರಿಸುವುದು ದಯೆ ಅಂತ ನನಗೆ ಅನ್ನಿಸುವುದಿಲ್ಲ.

ಫೋನ್ ಮಾಡಿದರು. ಕೈ ನಡುಗುತ್ತಿತ್ತು, ದನಿ ನಡುಗಲಿಲ್ಲ. ಕೋಆರ್ಡಿನೇಟರ್ ಬೈಯಲಿಲ್ಲ, ಅದಕ್ಕೆ ಅವರಿಗೆ ನಾನು ಋಣಿ. ಕೂಡಲೇ ವೈದ್ಯರನ್ನು ಲೈನಿಗೆ ತಂದರು. ಆಗ ಆಕೆ ಕೇಳಿದ ಪ್ರಶ್ನೆ ನನ್ನನ್ನು ಬೆಚ್ಚಿಬೀಳಿಸಿತು.

"ಆ ಅಧ್ಯಯನದಲ್ಲಿ ಇದ್ದೋರು ಪಂಪ್ ಹಾಕಿದ ಹೊಸದರಲ್ಲೇ ಆಸ್ಪಿರಿನ್ ಬಿಟ್ಟೋರು, ಅಲ್ವಾ ಡಾಕ್ಟ್ರೇ? ನಮ್ಮವರು ವರ್ಷಗಟ್ಟಲೆ ತಗೊಂಡಿದ್ದಾರೆ. ಅವರ ಲೆಕ್ಕ ಇವರಿಗೆ ಹೇಗೆ ಸರಿಹೋಗುತ್ತೆ?"

ನಿಜ. ಏರೀಸ್‌ನಲ್ಲಿ ಯಾರಿಗೆ ಯಾವ ಮಾತ್ರೆ ಎಂದು ಚೀಟಿ ಎತ್ತಿದ್ದು ಪಂಪ್ ಹಾಕಿದ ಮೊದಲ ವಾರದಲ್ಲೇ. ಇದನ್ನು ಆಕೆ ಎಲ್ಲೋ ಓದಿ ಮನಸ್ಸಿನಲ್ಲಿ ಇಟ್ಟುಕೊಂಡಿದ್ದರು. ಕೇಳಲು ಜಾಗ ಸಿಕ್ಕಿರಲಿಲ್ಲ. ನಾವೆಲ್ಲ ಇದನ್ನು ಮಾತು ಕೇಳದಿರುವಿಕೆ ಎಂದುಕೊಳ್ಳುತ್ತೇವೆ. ಒಳಗಿದ್ದದ್ದು ಒಂದು ಒಳ್ಳೆಯ ಪ್ರಶ್ನೆ.

ವೈದ್ಯರು ನೇರವಾಗಿ ಉತ್ತರಿಸಿದರು. ಹೌದು, ಅಧ್ಯಯನದವರು ಹೊಸಬರು, ನಿಮ್ಮವರು ಹಳಬರು, ಆ ವ್ಯತ್ಯಾಸ ಇದೆ. ಆದರೆ ಆಸ್ಪಿರಿನ್ ಕೆಲಸ ಮಾಡುವುದು ಪ್ಲೇಟ್‌ಲೆಟ್‌ಗಳ ಮೇಲೆ, ಅಂದರೆ ರಕ್ತ ಹೆಪ್ಪುಗಟ್ಟಿಸುವ ಸಣ್ಣ ಕಣಗಳ ಮೇಲೆ. ಒಂದು ಪ್ಲೇಟ್‌ಲೆಟ್ ಬದುಕುವುದು 7ರಿಂದ 10 ದಿನ. ಮಾತ್ರೆ ಬಿಟ್ಟು ಅಷ್ಟು ದಿನವಾದರೆ ರಕ್ತದಲ್ಲಿರುವುದೆಲ್ಲ ಹೊಸ ಪ್ಲೇಟ್‌ಲೆಟ್‌ಗಳೇ. ಎಷ್ಟು ವರ್ಷ ತೆಗೆದುಕೊಂಡಿದ್ದರು ಎನ್ನುವುದು ಅಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಅದಕ್ಕಿಂತ ದೊಡ್ಡದು, ನಿಮ್ಮವರಿಗೆ ಈಗ ರಕ್ತ ಸೋರುತ್ತಿದೆ. ಮುಂದೆ ಆಗಬಹುದಾದ ತೊಂದರೆಗಿಂತ ಈಗ ಆಗುತ್ತಿರುವ ತೊಂದರೆಯನ್ನು ಮೊದಲು ನೋಡಬೇಕು.

"ಇದನ್ನ ಅವತ್ತೇ ಹೇಳಿದ್ರೆ ನಿಲ್ಲಿಸ್ತಿದ್ದೆ" ಎಂದರು ಆಕೆ. ನನಗೆ ಹೇಳಿದ್ದೋ ಫೋನಿಗೆ ಹೇಳಿದ್ದೋ ತಿಳಿಯಲಿಲ್ಲ.

ಎಲ್ಲವನ್ನೂ ಹೀಗೆ ಬಿಡಿಸಿ ಹೇಳಲು ಯಾರಿಗೆ ಪುರುಸೊತ್ತಿದೆ ಎಂದು ಕೇಳುವವರಿದ್ದಾರೆ. ಅವರಿಗೆ ನಾನು ಹೇಳುವುದು 2018ರ ಇನ್ನೊಂದು ಅಧ್ಯಯನದ ಮಾತು. ಡಿಸೈಡ್-ಎಲ್‌ವಿಎಡಿ ಅಂತ ಅದರ ಹೆಸರು; ಎಲ್‌ವಿಎಡಿ ಎಂದರೆ ಇದೇ ಬಗೆಯ ಹೃದಯದ ಪಂಪ್. ಅಮೆರಿಕದ 6 ಆಸ್ಪತ್ರೆಗಳಲ್ಲಿ ರೋಗಿಗೂ ನೋಡಿಕೊಳ್ಳುವವರಿಗೂ ಪಂಪಿನ ಒಳಿತು ಕೆಡುಕು ಎರಡನ್ನೂ ಸಮವಾಗಿ ತಿಳಿಸುವ ಪುಸ್ತಿಕೆ, ವಿಡಿಯೊ ಕೊಟ್ಟರು. ಜನರಿಗೆ ತಿಳಿವಳಿಕೆ ಹೆಚ್ಚಾಯಿತು. ತಮಗೆ ಮುಖ್ಯವೆನಿಸಿದ್ದಕ್ಕೆ ಹೊಂದುವ ಆಯ್ಕೆ ಮಾಡುವುದೂ ಹೆಚ್ಚಾಯಿತು. 6 ತಿಂಗಳೊಳಗೆ ಪಂಪ್ ಹಾಕಿಸಿಕೊಂಡವರ ಪ್ರಮಾಣ ಮಾತ್ರ ಕಡಿಮೆ ಇತ್ತು. ಸರಿಯಾಗಿ ಹೇಳಿದರೆ ಜನ ಬೇರೆ ದಾರಿ ಹಿಡಿಯಬಹುದು. ಹಾಗಿದ್ದ ಮೇಲೆ ಮಾತು ಚಿಕಿತ್ಸೆಯ ಹೊರಗಿನದು ಎಂದು ಹೇಗೆ ಹೇಳುವುದು?

ಇನ್ನು ಆಕೆಗೆ ಕೊಟ್ಟ ಉಳಿದ ಸಲಹೆ. ಆ ಒಂದು ಮಾತ್ರೆ ಆಕೆಗೆ ಕಾವಲಿನಂತಿತ್ತು. ಸುಮ್ನೆ ಕಿತ್ತುಕೊಂಡರೆ ಭಯ ಇನ್ನೊಂದು ಕಡೆ ಹೋಗಿ ಕೂರುತ್ತದೆ. ಹಾಗಾಗಿ ನಿಜವಾಗಿ ಉಪಯೋಗವಿರುವ ಕೆಲಸಗಳತ್ತ ಅವರ ಗಮನ ತಿರುಗಿಸಿದೆ. ಡ್ರೈವ್‌ಲೈನ್ ಅಲ್ಲಾಡದಂತೆ ಚರ್ಮಕ್ಕೆ ಭದ್ರವಾಗಿ ಅಂಟಿಸುವುದು, ಏಕೆಂದರೆ ಎಳೆತ ಬಿದ್ದರೆ ಸೋಂಕು ಸುಲಭ. ರಕ್ತದೊತ್ತಡ ಬರೆದಿಡುವುದು, ಅದು ಏರಿದರೆ ಪಾರ್ಶ್ವವಾಯುವಿನ ಅಪಾಯ ಏರುತ್ತದೆ. ಇವರಲ್ಲಿ ನಾಡಿ ಸಿಗುವುದೇ ಕಷ್ಟ, ಮಾಮೂಲಿ ಯಂತ್ರ ಎಷ್ಟೋ ಸಲ ಕೈಕೊಡುತ್ತದೆ. ರಕ್ತ ಹರಿಯುವ ಸದ್ದು ಕೇಳಿಸುವ ಡಾಪ್ಲರ್ ಎಂಬ ಉಪಕರಣದಲ್ಲಿ ನೋಡುವುದನ್ನು ಕ್ಲಿನಿಕ್ಕಿನವರು ಕಲಿಸಿದರು. ಮಲದ ಬಣ್ಣ ಕಪ್ಪಾದರೆ ಅಂದೇ ಫೋನ್. ನೆಗಡಿಗೆ, ಮೈಕೈ ನೋವಿಗೆ ಅಂಗಡಿಯಲ್ಲಿ ಸಿಗುವ ಮಾತ್ರೆ ಕೇಳದೆ ಬೇಡವೇ ಬೇಡ. ಕೆಲವದರಲ್ಲಿ ಆಸ್ಪಿರಿನ್ ಸೇರಿರುತ್ತದೆ, ಐಬುಪ್ರೊಫೆನ್‌ನಂಥವೂ ರಕ್ತಸ್ರಾವ ಹೆಚ್ಚಿಸುತ್ತವೆ.

ಮಾತ್ರೆಯ ಡಬ್ಬಿ ಮಾತ್ರ ಗಂಡನ ಕೈಗೆ ಹೋಗಬೇಕು ಎಂದೆ. ಇದಕ್ಕೆ ಆಕೆ ಬಹಳ ವಿರೋಧಿಸಿದರು. ಅವರಿಗೆ ಹುಷಾರಿಲ್ಲ, ಅವರಿಂದ ಆಗಲ್ಲ ಎಂದರು. ಆದರೆ ಆ ಮನುಷ್ಯ ನಡೆದಾಡುತ್ತಾರೆ, ಲೆಕ್ಕಪತ್ರ ನೋಡುತ್ತಾರೆ, ದಿನಾ ಪೇಪರ್ ಓದುತ್ತಾರೆ. ಪಂಪ್ ಹಾಕಿದ ಮೊದಲ ವಾರಗಳಲ್ಲಿ ಹೆಂಡತಿ ಹೊತ್ತ ಕೆಲಸ ಆಮೇಲೆ ಯಾರೂ ಇಳಿಸಲೇ ಇಲ್ಲ, ಅಷ್ಟೇ. ಇದು ನಾನು ಎಲ್ಲ ಮನೆಗಳಲ್ಲೂ ನೋಡುವ ಸಂಗತಿ. ನೋಡಿಕೊಳ್ಳುವವರು ದಣಿಯುತ್ತಾರೆ, ನೋಡಿಸಿಕೊಳ್ಳುವವರು ಇರುವುದಕ್ಕಿಂತ ಜಾಸ್ತಿ ರೋಗಿಯಾಗುತ್ತಾರೆ. ಬ್ಯಾಟರಿ ಬದಲಿಸುವುದನ್ನೂ ಅಲಾರಂಗಳನ್ನೂ ಮನೆಯ ಇನ್ನೊಬ್ಬರು ಕಲಿಯಬೇಕು, ವಾರದಲ್ಲಿ ಕೆಲವು ರಾತ್ರಿ ಆಕೆ ಬೇರೆ ಕೋಣೆಯಲ್ಲಿ ಮಲಗಬೇಕು ಎಂದೂ ಹೇಳಿದೆ.

ಗಂಡ ಕೋಪ ಮಾಡಿಕೊಂಡರು. ಎರಡು ದಿನ ಮಾತಾಡಲಿಲ್ಲವಂತೆ. ನಂತರದ ಭೇಟಿಗೆ ಇಬ್ಬರೂ ಬಂದರು. "ನನ್ನ ಕೇಳಿದ್ರೆ ನಾನೂ ಭಯಕ್ಕೆ ಮುಂದುವರಿಸು ಅಂತಿದ್ನೋ ಏನೋ. ಆದ್ರೆ ಕೇಳಬೇಕಿತ್ತು" ಎಂದರು. ಡಬ್ಬಿ ಅವರ ಜೇಬಿನಲ್ಲಿತ್ತು.

ಎಂಡೊಸ್ಕೋಪಿಯಲ್ಲಿ ಕರುಳಿನ ಒಂದು ಸಣ್ಣ ರಕ್ತನಾಳ ಸೋರುತ್ತಿರುವುದು ಕಂಡು, ಅಲ್ಲೇ ಸುಟ್ಟು ಮುಚ್ಚಿದರು. ವಾರ್ಫರಿನ್ ಇದ್ದಂತೆಯೇ ಮುಂದುವರಿದಿದೆ. ಅದಾದ ಮೇಲೆ ಹಿಮೋಗ್ಲೋಬಿನ್ ಇಳಿದಿಲ್ಲ. ಆಸ್ಪಿರಿನ್ ಬಿಟ್ಟದ್ದರಿಂದಲೋ, ನಾಳ ಮುಚ್ಚಿದ್ದರಿಂದಲೋ ಒಬ್ಬ ರೋಗಿಯಲ್ಲಿ ಬೇರೆ ಮಾಡಿ ಹೇಳಲಾಗುವುದಿಲ್ಲ. ಅಷ್ಟು ಜನರನ್ನು ಸೇರಿಸಿ ಅಧ್ಯಯನ ಮಾಡುವುದು ಅದಕ್ಕೇ.

ಈ ಬರಹ ಓದಿ ಯಾರೂ ತಮ್ಮ ಆಸ್ಪಿರಿನ್ ನಿಲ್ಲಿಸಬೇಡಿ. ಬೇರೆ ಮಾದರಿಯ ಪಂಪ್ ಇರುವವರಿಗೆ, ಸ್ಟೆಂಟ್‌ನಂಥ ಬೇರೆ ಕಾರಣಕ್ಕೆ ಆಸ್ಪಿರಿನ್ ಬೇಕೇ ಬೇಕಾದವರಿಗೆ ಏರೀಸ್ ಉತ್ತರ ಕೊಟ್ಟಿಲ್ಲ. ಕ್ಲಿನಿಕ್ಕಿನವರಲ್ಲಿ ನನ್ನದೊಂದು ಕೋರಿಕೆ ಇದೆ: ಔಷಧಿ ನಿಲ್ಲಿಸಿದ ದಿನ, ಡಬ್ಬಿ ತುಂಬುವವರು ಯಾರೋ ಅವರನ್ನು ಒಳಗೆ ಕರೆಯಿರಿ. "ಇದನ್ನು ನಿಲ್ಲಿಸಲು ನಿಮಗೆ ಭಯ ಇದೆಯಾ?" ಎಂದು ಕೇಳಿ, ಉತ್ತರ ಬರುವವರೆಗೆ ಕಾಯಿರಿ.