ಆಪ್ತ ಮಾತು: ಮಾನಿಟರ್ ಬೀಪ್ ಕೇಳಿದ್ರೆ ಈಗ್ಲೂ ಕೈ ನಡುಗುತ್ತೆ

ಪ್ರಶ್ನೆ: ಮೇಡಂ, ನಾನು ಫಿಸಿಯೋಥೆರಪಿಸ್ಟ್, ದಾವಣಗೆರೆಲಿ ಒಂದು ಪ್ರೈವೇಟ್ ಆಸ್ಪತ್ರೆಲಿ ಕೆಲ್ಸ. 2020ರ ಲಾಕ್‌ಡೌನಲ್ಲಿ ಓಪಿಡಿ ಬಂದ್ ಮಾಡಿ ನಮಗೆ ಅರ್ಧ ಸಂಬಳ ಕೊಟ್ರು, ಮುಂದಿನ ವರ್ಷ ಎರಡನೇ ಅಲೆ ಬಂದಾಗ ಅದೇ ನಮ್ಮನ್ನ ಕೋವಿಡ್ ಐಸಿಯುಗೆ ಹಾಕಿದ್ರು. ಪಿಪಿಇ ಕಿಟ್ ಹಾಕ್ಕೊಂಡು ಪೇಶೆಂಟ್‌ಗಳನ್ನ ಬೋರಲು ಮಲಗಿಸೋದು, ಕಫ ತೆಗೆಸೋದು, ಎಬ್ಬಿಸಿ ಕೂರಿಸೋದು. ಜಗಳೂರು ಕಡೆ ಅಜ್ಜ ಒಬ್ರು ಇದ್ರು, ಡಾಕ್ಟರ್ ಹೇಳಿದ ಮೇಲೇನೇ ಮಂಚದ ತುದಿಗೆ ಕೂರಿಸಿದ್ದೆ, "ನಾಳೆ ನಡೀತೀನಿ ಬಿಡವ್ವ" ಅಂದ್ರು, ರಾತ್ರಿ ತೀರ್ಕೊಂಡ್ರು. ನಾನು ಕೂರಿಸಬಾರದಿತ್ತಾ? ಈಗ ಓಪಿಡಿಲೇ ಇದೀನಿ, ಆದ್ರೂ ಯಾವ್ದೋ ವಾರ್ಡಿಂದ ಮಾನಿಟರ್ ಸದ್ದು ಬಂದ್ರೆ ಕೈ ನಡುಗುತ್ತೆ, ನಿದ್ದೆ ಸರಿ ಇಲ್ಲ, ಮಂಡಿನೋವು ಅಂತ ಬಂದೋರ ಮೇಲೆ ಸುಮ್ಸುಮ್ನೆ ಸಿಟ್ಟು. ಮನೇಲಿ "ಇನ್ನೂ ಅದೇ ಹಿಡ್ಕೊಂಡು ಕೂತಿದೀಯಾ" ಅಂತಾರೆ. ಮನೋವೈದ್ಯರ ಹತ್ರ ಹೋದ್ರೆ ಊರಿಗೆಲ್ಲ ಗೊತ್ತಾಗುತ್ತೆ.
– ಹೆಸರು ಬೇಡ, ದಾವಣಗೆರೆ

ಉತ್ತರ: ಮೊದ್ಲು ಅಜ್ಜನ ವಿಷಯ. ಡಾಕ್ಟರ್ ನೋಡಿ ಒಪ್ಪಿದ ಮೇಲೆ ಕೂರಿಸಿದ್ದೆ ಅಂತ ನೀವೇ ಬರ್ದಿದೀರ. ಮಲಗಿದ್ದಲ್ಲೇ ಇದ್ರೆ ಸ್ನಾಯು ಕರಗುತ್ತೆ, ಶ್ವಾಸಕೋಶದಲ್ಲಿ ಕಫ ನಿಲ್ಲುತ್ತೆ, ಅದಕ್ಕೇ ಕೂರಿಸೋದು, ಇದನ್ನ ನಾನು ನಿಮಗೆ ಹೇಳ್ಬೇಕಾ? ಕೋವಿಡ್‌ನಲ್ಲಿ ಚೆನ್ನಾಗೇ ಇದ್ದಾರೆ ಅನ್ನಿಸಿದೋರಿಗೂ ರಕ್ತ ಹೆಪ್ಪುಗಟ್ಟಿ ಒಂದೇ ರಾತ್ರಿಲಿ ಕೈ ಮೀರಿದ್ದುಂಟು. ಅವ್ರನ್ನ ಕೊನೇದಾಗಿ ಮುಟ್ಟಿ ಮಾತಾಡಿಸಿದ್ದು ನೀವು ಅನ್ನೋ ಕಾರಣಕ್ಕೆ ಸಾವನ್ನ ನಿಮ್ಮ ಲೆಕ್ಕಕ್ಕೆ ಬರ್ಕೊಂಡಿದೀರ ಅಷ್ಟೇ.

ಫಿಸಿಯೋಗಳಿಗೆ ಇದು ಜಾಸ್ತಿ ಕಾಡೋಕೆ ಕಾರಣಾನೂ ಇದೆ. ನಿಮ್ದು ಮುಟ್ಟಿ ಮಾಡೋ ಕೆಲ್ಸ, ಊರೆಲ್ಲ ಆರಡಿ ದೂರ ನಿಲ್ಲಿ ಅಂತಿದ್ದಾಗ ನೀವು ಕೆಮ್ಮೋರ ಬೆನ್ನಿಗೆ ಕೈ ಇಟ್ಕೊಂಡು "ಇನ್ನೊಂದ್ ಸಲ ಕೆಮ್ಮಿ" ಅಂತಿದ್ರಿ, ಕನ್ನಡಕದೊಳಗೆ ಮಂಜು, ಬಾತ್‌ರೂಮಿಗೆ ಹೋಗೋ ಹಂಗಿಲ್ಲ ಅಂತ ನೀರೂ ಕುಡೀದೆ. ಅದ್ರ ಜೊತೆಗೆ ನಡೆಯೋಕಾಗ್ದೆ ಬಂದೋರು ನಡ್ಕೊಂಡು ಮನೆಗೆ ಹೋಗೋದು ನೋಡಿ ಅಭ್ಯಾಸ ಇರೋರು ನೀವು, ಸಾವು ಅಷ್ಟು ಹತ್ರದಿಂದ ದಿನಾ ನೋಡೋಕೆ ಯಾರೂ ತಯಾರು ಮಾಡಿರ್ಲಿಲ್ಲ. 2020ರ ಮಾರ್ಚ್ 22ಕ್ಕೆ ತಟ್ಟೆ ಬಡಿದಾಗ್ಲೂ ಜನ ನೆನೆಸ್ಕೊಂಡಿದ್ದು ಡಾಕ್ಟರ್ ನರ್ಸ್‌ಗಳನ್ನ, ಫಿಸಿಯೋ ಅಂತ ಒಬ್ರು ಐಸಿಯುಲಿ ಇರ್ತಾರೆ ಅಂತಾನೇ ಎಷ್ಟೋ ಜನಕ್ಕೆ ಗೊತ್ತಿರ್ಲಿಲ್ಲ.

ನಿಮ್ಮ ಪತ್ರದಲ್ಲಿ ಎರಡು ಬೇರೆ ಬೇರೆ ತೊಂದ್ರೆ ಕಾಣ್ತಿದೆ. ಬೀಪ್ ಕೇಳಿದ ತಕ್ಷಣ ಕೈ ನಡುಗೋದು, ಅಜ್ಜನ ಮಾತು ಮತ್ತೆ ಮತ್ತೆ ಬರೋದು ಆಘಾತದ ಲಕ್ಷಣ ಇದ್ದಂಗಿದೆ, ವರ್ಷಗಳಾದ್ರೂ ತಾನಾಗೇ ಹೋಗ್ದೆ ಇರಬಹುದು, ಆದ್ರೆ ಸರಿಯಾದ ಮಾತಿನ ಚಿಕಿತ್ಸೆಗೆ ಬಗ್ಗುತ್ತೆ. ಮಂಡಿನೋವಿನೋರ ಮೇಲಿನ ಸಿಟ್ಟು ಬರ್ನ್‌ಔಟ್ ಇರಬಹುದು. ವಿಶ್ವ ಆರೋಗ್ಯ ಸಂಸ್ಥೆ ಐಸಿಡಿ-11 ಅನ್ನೋ ತನ್ನ ರೋಗಗಳ ಪಟ್ಟಿಲಿ ಇದನ್ನ ಕಾಯಿಲೆ ಅಂತ ಹಾಕಿಲ್ಲ, ಕೆಲಸದ ಜಾಗದಲ್ಲಿ ಸರಿಯಾಗಿ ನಿಭಾಯಿಸ್ದೆ ಬಿಟ್ಟ ಒತ್ತಡದಿಂದ ಬರೋದು ಅಂತ ಹೇಳಿದೆ: ಸುಸ್ತು, ಕೆಲ್ಸದ ಬಗ್ಗೆ ಬೇಸರ, ನನ್ನಿಂದ ಏನೂ ಆಗ್ತಿಲ್ಲ ಅನ್ನೋ ಭಾವ. ಕೆಲಸದ ಜಾಗದಲ್ಲಿ ಅನ್ನೋದನ್ನ ನೋಡಿ. ಕೆಲವು ಆಸ್ಪತ್ರೆಗಳು ಒಂದಿನ ಧ್ಯಾನದ ಕ್ಲಾಸ್ ಇಟ್ಟು ಫೋಟೋ ಹೊಡ್ಸಿ ಮಾರನೇ ದಿನ ಮತ್ತೆ ಎರಡು ಜನರ ಡ್ಯೂಟಿ ಒಬ್ರಿಗೇ ಹಾಕ್ತಾವೆ, ನಂಗೆ ಅದು ನೋಡಿದ್ರೆ ನಗು ಬರುತ್ತೆ. ನಿಮ್ಮ ಸಹೋದ್ಯೋಗಿಗಳು ಸೇರ್ಕೊಂಡು, ದಿನಕ್ಕೆ ಎಷ್ಟು ಪೇಶೆಂಟ್ ಬರ್ತಾರೆ, ಒಬ್ರಿಗೆ ಎಷ್ಟು ನಿಮಿಷ ಸಿಗುತ್ತೆ ಅಂತ ಬರ್ದು ಮ್ಯಾನೇಜ್‌ಮೆಂಟಿಗೆ ಕೊಡಿ. ಒಬ್ರೇ ಹೋಗ್ಬೇಡಿ.

ಊರಿಗೆ ಗೊತ್ತಾಗೋ ಭಯ ಸುಳ್ಳಲ್ಲ, ಪಿ.ಜೆ. ಬಡಾವಣೆಲಿ ಯಾರ ಸ್ಕೂಟಿ ಎಲ್ಲಿ ನಿಂತಿತ್ತು ಅಂತ ಸಂಜೆಗೆ ಸುದ್ದಿ ಆಗೋ ಊರು ನಮ್ದು! ಅದಕ್ಕೆ ಮೊದ್ಲು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, 24 ಗಂಟೆನೂ ಇರುತ್ತೆ, ಫ್ರೀ, ಕನ್ನಡದಲ್ಲೇ ಮಾತಾಡ್ತಾರೆ. ಆಮೇಲೆ ಮನೋವೈದ್ಯರನ್ನ ನೇರವಾಗಿ ಕಾಣ್ಲೇಬೇಕು, ಇಲ್ಲಿ ಮುಜುಗರ ಅಂದ್ರೆ ಬಸ್ ಹತ್ತಿ ಚಿತ್ರದುರ್ಗಕ್ಕೋ ಶಿವಮೊಗ್ಗಕ್ಕೋ ಹೋಗಿ. 2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರಕಾರ ನಿಮ್ಮ ಚಿಕಿತ್ಸೆ ವಿವರ ಗುಟ್ಟಾಗಿ ಇಡೋದು ಅವ್ರ ಕರ್ತವ್ಯ. ಬದುಕೋದೇ ಬೇಡ ಅಂತ ಒಂದ್ಸಲ ಅನ್ಸಿದ್ರೂ ಮುಜುಗರ ಎಲ್ಲ ಪಕ್ಕಕ್ಕಿಟ್ಟು ಅವತ್ತೇ ಹತ್ರದ ಆಸ್ಪತ್ರೆಗೆ ಹೋಗಿ.

ಪ್ರಶ್ನೆ: ನನ್ನ ಹೆಂಡ್ತಿ ಫಿಸಿಯೋ. ಕೋವಿಡ್ ಟೈಮಿಂದ ಅಭ್ಯಾಸ, ಮನೆಗೆ ಬಂದು ಸ್ನಾನ ಮಾಡಿ ಒಂದ್ ಗಂಟೆ ಯಾರ ಜೊತೆನೂ ಮಾತಾಡಲ್ಲ. ಅಮ್ಮಂಗೆ ಬೆನ್ನುನೋವು, ಮನೇಲೇ ಫಿಸಿಯೋ ಇದ್ದೂ ಕೇಳೋಕೆ ಹೆದ್ರುತಾರೆ. ಏನ್ ಮಾಡ್ಲಿ?
– ಓದುಗ, ಚಿತ್ರದುರ್ಗ

ಉತ್ತರ: ಆ ಒಂದ್ ಗಂಟೆ ಅವ್ರಿಗೆ ಬಿಟ್ಬಿಡಿ ಸಾರ್, ಒಂದ್ ಲೋಟ ಚಹಾ ಇಟ್ಟು ಬಂದ್ರೆ ಸಾಕು. ದಿನವಿಡೀ ಬೇರೆಯವ್ರ ಬೆನ್ನು ಹಿಡಿದು ಬಂದೋರಿಗೆ ಮನೇಲೂ ಅದೇ ಓಪಿಡಿ ಬೇಡ. ಅಮ್ಮನ್ನ ಅಪಾಯಿಂಟ್‌ಮೆಂಟ್ ತಗೊಂಡು ಕ್ಲಿನಿಕ್‌ಗೇ ಕರ್ಕೊಂಡ್ ಹೋಗಿ, ಅಲ್ಲಿ ಹೇಳ್ಕೊಟ್ಟ ವ್ಯಾಯಾಮ ದಿನಾ ಮಾಡ್ಸೋ ಕೆಲ್ಸ ನಿಮ್ದು.