ಫೆಸ್‌ನಲ್ಲಿ ಹಬ್ಬ ಇರುವುದು ಪಕ್ಕದ ಮನೆಯಲ್ಲಿ

ಕೆಲಸಕ್ಕೆಂದು ಕೊಪ್ಪಳದಿಂದ ಮೊರಾಕ್ಕೊದ ಫೆಸ್‌ಗೆ ಬರುತ್ತಿದ್ದೀರಿ. ಅಲ್ಲಿ ಹಬ್ಬ ಹರಿದಿನ ಹೇಗೆ, ದೀಪಾವಳಿ ಇಲ್ಲದೆ ಬೇಜಾರಾಗುತ್ತಾ ಎಂದು ಕೇಳಿದ್ದೀರಿ. ನಾನು ಬಂದು 12 ವರ್ಷವಾಯಿತು. ಮೊದಲ ವರ್ಷ ತುಂಬಾ ಬೇಜಾರಾಗಿತ್ತು. ಇಲ್ಲಿ ಹಬ್ಬ ಇರಲಿಲ್ಲ ಅಂತಲ್ಲ, ನಾನು ಬಾಗಿಲು ಹಾಕಿಕೊಂಡು ಕೂತಿದ್ದೆ.

ಎಲ್ಲರೂ ಮೊದಲು ಹೇಳುವುದು ಪವಿತ್ರ ಸಂಗೀತೋತ್ಸವದ ಬಗ್ಗೆ. 1994ರಲ್ಲಿ ಶುರುವಾಗಿದ್ದು, ಸಾಮಾನ್ಯವಾಗಿ ಮೇ-ಜೂನ್ ಹೊತ್ತಿಗೆ ನಡೆಯುತ್ತದೆ. ಬಾಬ್ ಮಕಿನಾ ಅನ್ನುವ ಹಳೆ ಅಂಗಳದ ಎತ್ತರದ ಗೋಡೆಗಳ ನಡುವೆ ರಾತ್ರಿ ಕೂತು ಹಾಡು ಕೇಳುವುದು ದೊಡ್ಡ ಸುಖ. ಖಂಡಿತ ಹೋಗಿ. ಆದರೆ ಊರಿನವರ ಹಬ್ಬ ಬೇರೆ.

ರಂಜಾನ್ ತಿಂಗಳಿಂದ ಶುರು ಮಾಡೋಣ. ಆ ತಿಂಗಳು ಇಲ್ಲಿ ಗಡಿಯಾರವನ್ನೇ ಒಂದು ಗಂಟೆ ಹಿಂದೆ ಇಡುತ್ತಾರೆ, ಆಫೀಸಿನ ಸಮಯ ಬದಲಾಗುತ್ತದೆ. ಸಂಜೆ ಹೊತ್ತು ಮುಳುಗುವಾಗ ಬೀದಿ ಖಾಲಿ, ಕೆಂಪು ಟ್ಯಾಕ್ಸಿಗಳೂ ಇಲ್ಲ. ಮೊದಲ ವರ್ಷ ನಾನು ಹಾಗೇ ರಸ್ತೆಯಲ್ಲಿ ಸಿಕ್ಕಿಕೊಂಡೆ. ನಡೆದು ಮನೆ ಮುಟ್ಟುವಾಗ ಪಕ್ಕದ ಮನೆಯ ಅಜ್ಜಿ ಕೈಹಿಡಿದು ಒಳಗೆ ಕರೆದು ಹರೀರಾ ಕೊಟ್ಟರು. ಟೊಮೆಟೊ, ಕಡಲೆಕಾಳು, ಬೇಳೆ ಹಾಕಿದ ಬಿಸಿ ಸಾರು. ಹೆಚ್ಚಾಗಿ ಮಾಂಸ ಇರುತ್ತದೆ, ತಿನ್ನದಿದ್ದರೆ ಮೊದಲೇ ಹೇಳಿ, ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಜೊತೆಗೆ ಸೆಲ್ಲು ಇಟ್ಟರು: ಹುರಿದ ಹಿಟ್ಟು, ಎಳ್ಳು, ಬಾದಾಮಿ, ಜೇನು. ಬಾಯಿಗಿಟ್ಟರೆ ನಮ್ಮ ತಂಬಿಟ್ಟು! ಅವತ್ತು ನನಗೆ ಕಣ್ಣಲ್ಲಿ ನೀರು ಬಂತು.

ಬಕ್ರೀದ್‌ಗೆ ಅಂಗಡಿಗಳು ಕೆಲವು ದಿನ ಮುಚ್ಚಿರುತ್ತವೆ. ತರಕಾರಿ, ಹಾಲು ಮೊದಲೇ ತಂದಿಡಿ. ಈ ಹಬ್ಬಗಳು ಪ್ರತಿ ವರ್ಷ 10-11 ದಿನ ಮುಂಚೆ ಬರುತ್ತವೆ, ರಂಜಾನ್ ಹಬ್ಬದ ರಜೆ ಯಾವತ್ತು ಅನ್ನುವುದು ಹಿಂದಿನ ಸಂಜೆ ಚಂದ್ರ ಕಂಡ ಮೇಲೇ ಖಚಿತ.

ನಿಮಗೆ ಹೆಚ್ಚು ಆಶ್ಚರ್ಯವಾಗುವುದು ಮೊಹರಂ. ನಿಮ್ಮ ಕಡೆ ಅಲಾಯಿ ದೇವರನ್ನು ಕೂರಿಸುತ್ತಾರೆ, ಕೆಂಡ ಹಾಯುತ್ತಾರೆ, ಕೊನೆಗೆ ದುಃಖದಿಂದ ಕಳಿಸಿಕೊಡುತ್ತಾರೆ ಅಲ್ವಾ? ಇಲ್ಲಿ ಅದೇ ದಿನ, ಆಶೂರಾ, ಮಕ್ಕಳ ಹಬ್ಬ. ಬೀದಿ ತುಂಬಾ ತಾರಿಜಾ ಅನ್ನುವ ಪುಟ್ಟ ಮಣ್ಣಿನ ಡೋಲು, ಆಟಿಕೆ, ಒಣ ಅಂಜೂರ, ಖರ್ಜೂರ, ಅಕ್ರೋಟ್ ರಾಶಿ. ಹುಡುಗಿಯರು ಡೋಲು ಬಡಿದು ಹಾಡುತ್ತಾರೆ. ಮಕ್ಕಳು ಒಬ್ಬರ ಮೇಲೊಬ್ಬರು ನೀರು ಎರಚುತ್ತಾರೆ. ನಮ್ಮ ಓಕುಳಿಯೇ, ಬಣ್ಣ ಮಾತ್ರ ಇಲ್ಲ. ಒಳ್ಳೆ ಬಟ್ಟೆ ಹಾಕಿಕೊಂಡು ಹೊರಗೆ ಹೋಗಬೇಡಿ.

ಊರು ಕಟ್ಟಿದ ಮೌಲೇ ಇದ್ರಿಸ್‌ರ ಮೌಸಮ್, ಅಂದರೆ ಅವರ ಗೋರಿಯ ವಾರ್ಷಿಕ ಜಾತ್ರೆ, ಕೂಡ ತಪ್ಪಿಸಬೇಡಿ. ಕುಶಲಕರ್ಮಿಗಳ ಒಂದೊಂದು ಸಂಘವೂ ಕಸೂತಿ ಬಟ್ಟೆ ಹೊತ್ತು ಡೋಲು ಬಡಿಸುತ್ತಾ, ಕಹಳೆ ಊದಿಸುತ್ತಾ ಹಳೆ ಊರಿನ ಗಲ್ಲಿಗಳಲ್ಲಿ ಹೋಗುತ್ತದೆ. ಕಲಬುರಗಿಯ ಬಂದೇ ನವಾಜ್ ಉರುಸ್ ನೋಡಿದ್ದರೆ ಯಾರೂ ವಿವರಿಸಬೇಕಿಲ್ಲ. ಮುಸ್ಲಿಮರಲ್ಲದವರು ಗೋರಿಯ ಒಳಗೆ ಹೋಗುವಂತಿಲ್ಲ, ಮೆರವಣಿಗೆ ನೋಡಬಹುದು. ಜೂನ್‌ನಲ್ಲಿ ಹತ್ತಿರದ ಸೆಫ್ರೂನಲ್ಲಿ ಚೆರ್ರಿ ಹಬ್ಬವೂ ಇದೆ.

ಯಾರಾದರೂ ಕರೆದರೆ ಸಂಕೋಚ ಬೇಡ, ಹೋಗಿ. 'ಅವಾಶಿರ್ ಮಬ್ರೂಕಾ' ಅನ್ನಿ, ಹಬ್ಬದ ಶುಭಾಶಯ ಅಂತ.

ಇನ್ನು ದೀಪಾವಳಿ. ಅವತ್ತು ಇಲ್ಲಿ ಕೆಲಸದ ದಿನ. ಸಂಜೆ ಹೋಳಿಗೆ ಮಾಡಿ ಅಜ್ಜಿ ಮನೆಗೆ ಕೊಡುತ್ತೇನೆ, ಅವರ ಮೊಮ್ಮಕ್ಕಳು ದೀಪ ಹಚ್ಚಲು ಬರುತ್ತಾರೆ. ಊರಿಂದ ಹಣತೆ ಹೊತ್ತು ತರಬೇಡಿ, ದಾರಿಯಲ್ಲಿ ಒಡೆಯುತ್ತವೆ. ಫೆಸ್ ಕುಂಬಾರರ ಊರು. ಪುಟ್ಟ ಮಣ್ಣಿನ ಬಟ್ಟಲು ಸಿಗುತ್ತವೆ, ಆಲಿವ್ ಎಣ್ಣೆಯಲ್ಲಿ ಬತ್ತಿ ಚೆನ್ನಾಗಿ ಉರಿಯುತ್ತದೆ. ಹತ್ತಿಯ ಬತ್ತಿ ಮಾತ್ರ ಒಂದು ಕಟ್ಟು ತನ್ನಿ, ನನಗೂ ಬೇಕು.