ಅರ್ಹತೆ ಇದೆ, ಸೀಟು ಸಿಗುತ್ತದೆಯೇ?

ಪ್ರಶ್ನೆ: ಮೇಡಂ, ಕಂಪ್ಯೂಟರ್ ಸೈನ್ಸ್‌ನಲ್ಲಿ ಮಾಸ್ಟರ್ಸ್ ಮಾಡಲು ಅಮೆರಿಕದ ಎಂಟು ವಿಶ್ವವಿದ್ಯಾಲಯಗಳನ್ನು ಆರಿಸಿಕೊಂಡಿದ್ದೇನೆ. ಎಂಟರಲ್ಲೂ ಕನಿಷ್ಠ ಜಿಪಿಎ (4ಕ್ಕೆ ಲೆಕ್ಕಹಾಕುವ ಸರಾಸರಿ ಅಂಕ) 3.0 ಎಂದಿದೆ, ನನ್ನದು 3.2. ಇಂಗ್ಲಿಷ್ ಪರೀಕ್ಷೆಯಲ್ಲೂ ಅವರು ಕೇಳಿದ್ದಕ್ಕಿಂತ ಹೆಚ್ಚು ಬಂದಿದೆ. ಎಲ್ಲ ಕಡೆ ಅರ್ಹತೆ ಇರುವುದರಿಂದ ಎರಡು ಮೂರು ಕಡೆಯಾದರೂ ಸೀಟು ಗ್ಯಾರಂಟಿ ಎನ್ನುತ್ತಾರೆ ಗೆಳೆಯರು. ಅರ್ಜಿ ಹಾಕಲೇ?

ಉತ್ತರ: ಹಾಕಿ. ಆದರೆ ಈ ಎಂಟರ ಪಟ್ಟಿಯನ್ನು ಹೀಗೇ ಇಟ್ಟುಕೊಂಡು ಹಾಕಬೇಡಿ. ಹನ್ನೊಂದು ವರ್ಷ ನಾನು ಒಂದು ವಿಭಾಗದ ಪ್ರವೇಶ ಸಮಿತಿಯಲ್ಲಿದ್ದೆ. ಕನಿಷ್ಠ ಅರ್ಹತೆಯನ್ನೇ ನಂಬಿ ಬಂದ ಒಳ್ಳೆಯ ಮಕ್ಕಳ ಫೈಲುಗಳು ಮೊದಲ ಸುತ್ತಿನಲ್ಲೇ ಬದಿಗೆ ಸರಿಯುವುದನ್ನು ಪ್ರತಿ ವರ್ಷ ಕಂಡಿದ್ದೇನೆ. ನಿಮ್ಮ ಪತ್ರ ಓದಿದಾಗ ಅವರೆಲ್ಲ ನೆನಪಾದರು.

ಆ 3.0 ಎಂಬುದನ್ನು ಬರೆದವರು ಯಾರು ಎಂದು ಮೊದಲು ನೋಡಿ. ಅಮೆರಿಕದ ಬಹಳಷ್ಟು ವಿಶ್ವವಿದ್ಯಾಲಯಗಳಲ್ಲಿ ಅದನ್ನು ಗೊತ್ತುಮಾಡುವುದು ಗ್ರಾಜುಯೇಟ್ ಸ್ಕೂಲ್ ಎಂಬ ಕೇಂದ್ರ ಕಚೇರಿ. ಇತಿಹಾಸಕ್ಕೂ ಅದೇ 3.0, ಸಂಗೀತಕ್ಕೂ ಅದೇ, ಕಂಪ್ಯೂಟರ್ ಸೈನ್ಸ್‌ಗೂ ಅದೇ. ನಿಮ್ಮ ಫೈಲನ್ನು ಓದಿ ಬೇಕು ಬೇಡ ಎನ್ನುವುದು ವಿಭಾಗದ ಸಮಿತಿ, ಬೇರೆಯದೇ ಜನ. ಅವರ ಕೈಗೆ ಫೈಲು ಬರುವ ಹೊತ್ತಿಗೆ 3.0ರ ಕೆಲಸ ಮುಗಿದಿರುತ್ತದೆ. ನಿಮ್ಮ ಎಂಟು ಕಡೆಯೂ ಒಂದೇ ಅಂಕಿ ಇದೆಯಲ್ಲ, ಅದನ್ನೇ ಯೋಚಿಸಿ. ಪೈಪೋಟಿ ವಿಪರೀತ ಇರುವಲ್ಲೂ ಅಷ್ಟೇನೂ ಇಲ್ಲದಲ್ಲೂ ಒಂದೇ ಅಂಕಿ ಇದ್ದರೆ, ಸೀಟು ಸಿಗುವ ಸಾಧ್ಯತೆ ಎಲ್ಲಿ ಎಷ್ಟು ಎಂದು ಅದು ಹೇಗೆ ತಾನೇ ಹೇಳೀತು?

ನಿಮಗೆ ಬೇಕಿರುವುದು ಕಳೆದ ವರ್ಷ ಒಳಗೆ ಹೋದವರ ಅಂಕಿ. ಕೆಲವು ವಿಭಾಗಗಳು ಹೊಸ ಬ್ಯಾಚಿನ ಸರಾಸರಿ ಜಿಪಿಎಯನ್ನು ತಾವೇ ಪ್ರಕಟಿಸುತ್ತವೆ. ಪ್ರಕಟಿಸದಿದ್ದರೆ ವಿಭಾಗದ ಪ್ರವೇಶ ಸಂಯೋಜಕರಿಗೆ ನೇರವಾಗಿ ಮೇಲ್ ಬರೆಯಿರಿ: ಕಳೆದ ಸಲ ಎಷ್ಟು ಅರ್ಜಿ ಬಂದವು, ಎಷ್ಟು ಜನರಿಗೆ ಆಫರ್ ಕೊಟ್ಟಿರಿ, ಅವರ ಜಿಪಿಎ ಸಾಮಾನ್ಯವಾಗಿ ಯಾವ ಮಟ್ಟದಲ್ಲಿತ್ತು. ಮೂರೇ ಸಾಲು ಸಾಕು. ಸಂಕೋಚ ಬೇಡ, ನಮ್ಮ ಕಚೇರಿಗೆ ಇಂಥ ಮೇಲ್ ಬಂದಾಗ ಯಾರೂ ಬೇಸರಪಟ್ಟದ್ದನ್ನು ನಾನು ನೋಡಿಲ್ಲ. ಉತ್ತರ ಬಂದಮೇಲೆ ಪಟ್ಟಿಯನ್ನು ಮತ್ತೆ ಬರೆಯಿರಿ. ಒಳಗೆ ಹೋದವರ ಅಂಕಿಗಿಂತ ನಿಮ್ಮದು ಮೇಲಿರುವ ಎರಡು ಮೂರು ಕಡೆ, ಸರಿಸುಮಾರು ಅಷ್ಟೇ ಇರುವ ಮೂರು ಕಡೆ, ತುಸು ಕೆಳಗಿದ್ದರೂ ನಿಮಗೆ ಮನಸ್ಸಿರುವ ಎರಡು ಕಡೆ. ಮೊದಲ ಗುಂಪಿಗೆ ಒಂದು ಷರತ್ತು ಇದೆ. ಸೀಟು ಸಿಕ್ಕರೆ ಸಂತೋಷವಾಗಿ ಹೋಗಿ ಓದುತ್ತೇನೆ ಎನ್ನಿಸುವ ಜಾಗವನ್ನು ಮಾತ್ರ ಅಲ್ಲಿ ಬರೆಯಿರಿ. ಹೋಗಲು ಮನಸ್ಸೇ ಇಲ್ಲದ ಕಡೆ ಸೀಟು ಸಿಕ್ಕಿ ಪ್ರಯೋಜನವಿಲ್ಲ.

ನಿಮ್ಮ ಗೆಳೆಯರ ಲೆಕ್ಕದ ಬಗ್ಗೆಯೂ ಒಂದು ಮಾತು. ಪ್ರತಿ ಕಡೆ ನೂರಕ್ಕೆ 5ರಷ್ಟು ಅವಕಾಶ ಇದ್ದರೆ ಎಂಟು ಕಡೆಗೆ 40 ಆಗುವುದಿಲ್ಲ. ಎಂಟೂ ಒಂದಕ್ಕೊಂದು ಸಂಬಂಧವಿಲ್ಲದ ಲಾಟರಿಗಳು ಎಂದುಕೊಂಡರೂ, ಒಂದು ಕಡೆಯಾದರೂ ಸಿಗುವ ಸಾಧ್ಯತೆ 34ರ ಹತ್ತಿರ ನಿಲ್ಲುತ್ತದೆ. ಇವು ಲಾಟರಿಗಳೂ ಅಲ್ಲ. ಎಂಟೂ ಕಡೆ ಓದುವುದು ನಿಮ್ಮ ಒಂದೇ ಫೈಲನ್ನು. ಗಣಿತದ ಕೋರ್ಸುಗಳಲ್ಲಿ ಅಂಕ ಕಡಿಮೆಯಿದ್ದರೆ ಎಂಟೂ ಸಮಿತಿಗಳ ಕಣ್ಣಿಗೆ ಅದೇ ಬೀಳುತ್ತದೆ.

ಪ್ರಶ್ನೆ: ಒಂದು ಹೆಸರಾಂತ ವಿದೇಶಿ ವಿಶ್ವವಿದ್ಯಾಲಯ ಡಿಗ್ರಿ ಪ್ರವೇಶಕ್ಕೆ ಕೇಳಿದ್ದ ಅರ್ಹತೆಗಳೆಲ್ಲ ನನ್ನ ಮಗಳಿಗೆ ಇದ್ದವು, ಕೇಳಿದ್ದಕ್ಕಿಂತ ತುಂಬ ಹೆಚ್ಚೇ ಇದ್ದವು. ಕಾರಣವನ್ನೂ ಹೇಳದೆ ಇಲ್ಲ ಎಂದಿದ್ದಾರೆ. ಅವಳು ಯಾರೊಡನೆಯೂ ಮಾತಾಡುತ್ತಿಲ್ಲ. ನಾವು ಎಲ್ಲಿ ಎಡವಿದೆವು? ಮೇಲ್ಮನವಿ ಹಾಕಬಹುದೇ?

ಉತ್ತರ: ನೀವು ಎಡವಿಲ್ಲ, ಮಗಳೂ ಎಡವಿಲ್ಲ. ಇದನ್ನು ಅವಳಿಗೆ ಇವತ್ತೇ ಹೇಳಿ, ಕೆಳಗಿನ ಅಂಕಿಗಳನ್ನು ಅವಳ ಜೊತೆ ಕೂತು ಓದಿ.

ಆಕ್ಸ್‌ಫರ್ಡ್ ಡಿಗ್ರಿ ಕೋರ್ಸುಗಳಿಗೆ ಎ-ಲೆವೆಲ್‌ನಲ್ಲಿ, ಎಂದರೆ ಬ್ರಿಟನ್ನಿನ ಶಾಲೆಯ ಕೊನೆಯ ಪರೀಕ್ಷೆಯಲ್ಲಿ, ಮೂರು ಎ ಗ್ರೇಡ್‌ನಿಂದ ಹಿಡಿದು ಎರಡು ಎ-ಸ್ಟಾರ್, ಒಂದು ಎ ತನಕ ಕೇಳುತ್ತದೆ. ಅರ್ಜಿ ಹಾಕುವವರಲ್ಲಿ ಬಹುಪಾಲು ಮಕ್ಕಳು ಅದನ್ನು ಪಡೆಯಬಲ್ಲವರೇ. ಈಚಿನ ವರ್ಷಗಳಲ್ಲಿ ಅಲ್ಲಿನ ಸುಮಾರು 3,300 ಸೀಟಿಗೆ 23,000ಕ್ಕೂ ಹೆಚ್ಚು ಅರ್ಜಿ ಬರುತ್ತಿವೆ. ಎಂದರೆ ಏಳು ಜನರಲ್ಲಿ ಆರು ಮಂದಿಗೆ ಇಲ್ಲ ಎನ್ನಲೇಬೇಕು. ಆ ಆರೂ ಜನ ದಡ್ಡರಾಗಿರಲು ಸಾಧ್ಯವೇ?

ಇನ್ನೊಂದು, ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ. ಅಲ್ಲಿ ಕನಿಷ್ಠ ಅರ್ಹತೆಗೆ ಒಂದು ಚರಿತ್ರೆಯೇ ಇದೆ. 1960ರಲ್ಲಿ ಆ ರಾಜ್ಯ ಒಂದು ಮಾಸ್ಟರ್ ಪ್ಲಾನ್ ಮಾಡಿ, ರಾಜ್ಯದ ಹೈಸ್ಕೂಲು ಮುಗಿಸುವವರಲ್ಲಿ ಮೇಲಿನ ಎಂಟನೇ ಒಂದು ಭಾಗದವರಿಗೆ ಈ ವಿಶ್ವವಿದ್ಯಾಲಯ ಎಂದು ಗೊತ್ತುಮಾಡಿತು. ಕನಿಷ್ಠ ಅರ್ಹತೆ ಅಲ್ಲಿ ಸರ್ಕಾರ ಜನರಿಗೆ ಕೊಟ್ಟ ಮಾತಿನ ಒಂದು ಭಾಗ. ಇವತ್ತಿಗೂ ರಾಜ್ಯದವರಿಗೆ ಜಿಪಿಎ 3.0, ಹೊರಗಿನವರಿಗೆ 3.4 ಎಂಬ ಗೆರೆ ಇದೆ. ಆದರೆ ಆ ಮಾತು ಇಡೀ ವಿಶ್ವವಿದ್ಯಾಲಯದ್ದು, ಮಗು ಆಸೆಪಟ್ಟ ಕ್ಯಾಂಪಸ್ಸಿನದಲ್ಲ. ಅದೇ ವಿಶ್ವವಿದ್ಯಾಲಯದ ಲಾಸ್ ಏಂಜಲೀಸ್ ಕ್ಯಾಂಪಸ್ಸಿಗೆ 2023ರಲ್ಲಿ ಮೊದಲ ವರ್ಷದ ಪ್ರವೇಶಕ್ಕೆ ಬಂದ ಅರ್ಜಿ ಸುಮಾರು 1,46,000. ನೂರಕ್ಕೆ ಒಂಬತ್ತು ಜನರಿಗೆ ಮಾತ್ರ ಪ್ರವೇಶ ಸಿಕ್ಕಿತು. ಕಠಿಣ ಕೋರ್ಸುಗಳಿಗೆ ಅಲ್ಲಿ ಹೆಚ್ಚುವರಿ ಅಂಕ ಸೇರಿಸುತ್ತಾರೆ, ಹಾಗೆ ಲೆಕ್ಕ ಹಾಕಿದಾಗ ಪ್ರವೇಶ ಪಡೆದವರಲ್ಲಿ ಹೆಚ್ಚಿನವರ ಜಿಪಿಎ 4ನ್ನೂ ದಾಟಿರುತ್ತದೆ. 3.4ರ ಗೆರೆಗೂ ಅವರಿಗೂ ಎಷ್ಟು ದೂರ ನೋಡಿ.

ಕನಿಷ್ಠ ಅಂಕವನ್ನೇ ಹೇಳದ ಕಡೆಯೂ ಪರಿಸ್ಥಿತಿ ಹೀಗೆಯೇ. ಅಮೆರಿಕದ ಎಂಐಟಿ 2022ರಲ್ಲಿ ಸ್ಯಾಟ್ ಅಥವಾ ಎಸಿಟಿ ಎಂಬ ಪ್ರವೇಶ ಪರೀಕ್ಷೆಯನ್ನು ಮತ್ತೆ ಕಡ್ಡಾಯ ಮಾಡಿತು, ಇಷ್ಟು ಅಂಕ ಬೇಕೇಬೇಕು ಎಂದೇನೂ ಹೇಳಲಿಲ್ಲ. ಆದರೆ ಸೇರಿಸಿಕೊಂಡವರಲ್ಲಿ ನಡುವಿನ ಅರ್ಧದಷ್ಟು ಜನರ ಸ್ಯಾಟ್ ಗಣಿತದ ಅಂಕ 780ರಿಂದ 800ರ ಒಳಗೆ ಇರುತ್ತದೆ. ಗಣಿತದ ಭಾಗ ಇರುವುದೇ 800ಕ್ಕೆ!

ಎಲ್ಲರಿಗೂ ಅಂಕ ಇದ್ದರೆ ಆಯ್ಕೆ ಹೇಗೆ ನಡೆಯುತ್ತದೆ ಎಂದು ನೀವು ಕೇಳಬಹುದು. ನಮ್ಮ ಸಮಿತಿಯ ಒಂದು ಸಂಜೆಯ ಕಥೆ ಹೇಳುತ್ತೇನೆ. ನಮ್ಮದು ಮಾಸ್ಟರ್ಸ್ ಪ್ರವೇಶ, ಆದರೂ ವಿಷಯ ಅದೇ. ಕೊನೆಯ ಸೀಟು ಉಳಿದಿತ್ತು, ಮೇಜಿನ ಮೇಲೆ ಎರಡು ಫೈಲು. ಇಬ್ಬರೂ ಹುಡುಗಿಯರು. ಅಂಕದಲ್ಲಿ ವ್ಯತ್ಯಾಸ ದಶಮಾಂಶದ ಎರಡನೇ ಸ್ಥಾನದಲ್ಲಿ. ನಾವು ಕೇಳಿದ್ದ ಕನಿಷ್ಠಕ್ಕಿಂತ ಇಬ್ಬರೂ ಬಹಳ ಮೇಲಿದ್ದರು. ಮೊದಲನೆಯವಳ ಶಿಫಾರಸು ಪತ್ರ ನಾಲ್ಕು ಸಾಲು: ತರಗತಿಯ ಮೊದಲ ಐವರಲ್ಲಿ ಒಬ್ಬಳು, ಶಿಸ್ತಿನವಳು, ಶ್ರಮಜೀವಿ. ಎರಡನೆಯವಳದು ಒಂದು ಪುಟ. ಲ್ಯಾಬಿನಲ್ಲಿ ತಾಪಮಾನದ ರೀಡಿಂಗ್ ಪ್ರತಿ ಸಲ ಮೂರು ಡಿಗ್ರಿ ಹೆಚ್ಚು ಬರುತ್ತಿತ್ತಂತೆ. ಉಳಿದವರು ಪುಸ್ತಕದಲ್ಲಿದ್ದ ಉತ್ತರವನ್ನೇ ರೆಕಾರ್ಡಿನಲ್ಲಿ ಬರೆದು ಹೋದರು. ಇವಳು ಮೂರು ಸಂಜೆ ಉಳಿದು, ಸೆನ್ಸರನ್ನು ಬಿಸಿಯಾಗುತ್ತಿದ್ದ ಪವರ್ ಸಪ್ಲೈ ಪಕ್ಕ ಇಟ್ಟಿರುವುದೇ ಕಾರಣ ಎಂದು ಕಂಡುಹಿಡಿದಳು. ಅವಳ ಮೇಷ್ಟ್ರು ಅದನ್ನು ದಿನದಿನವೂ ನೋಡಿದವರ ಹಾಗೆ ಬರೆದಿದ್ದರು. ಸೀಟು ಅವಳಿಗೆ ಹೋಯಿತು, ನಾನೂ ಕೈ ಎತ್ತಿದೆ.

ಮೊದಲನೆಯವಳು ನನ್ನ ಮನಸ್ಸಿನಿಂದ ಹೋಗಿಲ್ಲ. ಅವಳೂ ಎಷ್ಟೋ ಸಂಜೆ ಲ್ಯಾಬಿನಲ್ಲಿ ಉಳಿದಿರಬಹುದು, ಬರೆಯಬೇಕಾದವರು ಬರೆಯಲಿಲ್ಲ. ನಾವು ಕಳಿಸಿದ ಪತ್ರದಲ್ಲೂ ಕಾರಣ ಇರಲಿಲ್ಲ, ಹೇಳುವಂಥ ಕೊರತೆಯೇ ಅವಳಲ್ಲಿ ಇರಲಿಲ್ಲ. ನಿಮ್ಮ ಮಗಳಿಗೆ ಬಂದಿರುವುದೂ ಅಂಥದೇ ಪತ್ರ ಇರಬಹುದು.

ಮೇಲ್ಮನವಿಯ ಬಗ್ಗೆ: ಅಂಕಪಟ್ಟಿಯಲ್ಲಿ ತಪ್ಪು ನಮೂದಾಗಿದ್ದರೆ, ಅಥವಾ ಅರ್ಜಿಯಲ್ಲಿ ಇಲ್ಲದ ಮುಖ್ಯ ಮಾಹಿತಿ ಈಗ ಸಿಕ್ಕಿದ್ದರೆ ಹಾಕಿ. ಅರ್ಹತೆ ಇತ್ತು ಎಂಬ ಒಂದೇ ಕಾರಣಕ್ಕೆ ಹಾಕಿದರೆ ಮಗು ಇನ್ನೆರಡು ತಿಂಗಳು ಕಾಯುತ್ತಾ ಕೊರಗಬೇಕಾಗುತ್ತದೆ. ಅದರ ಬದಲು ಮುಂದಿನ ಸಲ ಅರ್ಜಿ ಹಾಕುವ ಮೊದಲು ಎರಡು ಕೆಲಸ ಮಾಡಿ. ಅಮೆರಿಕದ ಹೆಚ್ಚಿನ ವಿಶ್ವವಿದ್ಯಾಲಯಗಳು ಪ್ರತಿ ವರ್ಷ ಕಾಮನ್ ಡೇಟಾ ಸೆಟ್ ಎಂಬ ದಾಖಲೆ ಹೊರತರುತ್ತವೆ. ಅದರಲ್ಲಿ ಸಿ7 ಎಂಬ ಕೋಷ್ಟಕ ನೋಡಿ: ಅಂಕ, ಪ್ರಬಂಧ, ಶಿಫಾರಸು, ಚಟುವಟಿಕೆ ಇವುಗಳಲ್ಲಿ ಯಾವುದು ಬಹಳ ಮುಖ್ಯ, ಯಾವುದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ ಎಂದು ಅವರೇ ಗುರುತು ಹಾಕಿರುತ್ತಾರೆ. ಸಿ9ರಲ್ಲಿ ಸೇರಿದವರ ಅಂಕಗಳು 25ನೇ ಮತ್ತು 75ನೇ ಪರ್ಸೆಂಟೈಲ್‌ನಲ್ಲಿ ಎಷ್ಟೆಷ್ಟು ಎಂದಿರುತ್ತದೆ. ಮಗಳ ಅಂಕ 25ನೇ ಪರ್ಸೆಂಟೈಲ್‌ಗಿಂತ ಕೆಳಗಿದ್ದರೆ, ಆ ಕೊರತೆಯನ್ನು ತುಂಬುವಂಥ ಬೇರೇನಾದರೂ ಫೈಲಿನಲ್ಲಿ ಇರಲೇಬೇಕು. ಎರಡನೆಯದು, ಅವಳ ಕೆಲಸವನ್ನು ಹತ್ತಿರದಿಂದ ಕಂಡ ಶಿಕ್ಷಕರು ಯಾರು ಎಂದು ಅವಳನ್ನೇ ಕೇಳಿ. ಶಿಫಾರಸು ಅವರಿಂದ ಬರಲಿ, ಅವರು ಪ್ರಿನ್ಸಿಪಾಲರಾಗಿರಬೇಕಿಲ್ಲ. ಬ್ರಿಟನ್ನಿಗೂ ಹಾಕುವುದಾದರೆ ಅಲ್ಲಿ ಒಂದು ಸಲಕ್ಕೆ ಐದು ಆಯ್ಕೆ ಮಾತ್ರ, ಆಕ್ಸ್‌ಫರ್ಡ್ ಮತ್ತು ಕೇಂಬ್ರಿಡ್ಜ್ ಎರಡಕ್ಕೂ ಒಂದೇ ವರ್ಷ ಹಾಕುವಂತಿಲ್ಲ. ಐದನ್ನೂ ಆಕಾಶಕ್ಕೇ ಏಣಿ ಹಾಕುವುದಕ್ಕೆ ಮುಗಿಸಬೇಡಿ.

ಪ್ರಶ್ನೆ: ಕನಿಷ್ಠ ಅರ್ಹತೆ ಇದ್ದರೆ ಸಾಕು, ಸೀಟು ಸಿಕ್ಕೇ ಸಿಗುತ್ತದೆ ಎನ್ನುವ ವಿಶ್ವವಿದ್ಯಾಲಯಗಳು ಎಲ್ಲಿಯೂ ಇಲ್ಲವೇ?

ಉತ್ತರ: ಇವೆ. ಜರ್ಮನಿಯಲ್ಲಿ ಸೀಟಿಗೆ ಮಿತಿಯಿಲ್ಲದ ಕೋರ್ಸುಗಳು ಬೇಕಾದಷ್ಟು ಇವೆ. ಅರ್ಹತೆ ಇದ್ದು, ಗಡುವಿನೊಳಗೆ ಅರ್ಜಿ ಹಾಕಿದರೆ ಜಾಗ ಸಿಗುತ್ತದೆ. ಮಿತಿ ಇರುವ ಕೋರ್ಸುಗಳಿಗೆ ನ್ಯೂಮೆರಸ್ ಕ್ಲೌಸಸ್, ಚಿಕ್ಕದಾಗಿ ಎನ್‌ಸಿ, ಎನ್ನುತ್ತಾರೆ. ಈ ಎನ್‌ಸಿ ಅಂಕಿಯ ವಿಷಯದಲ್ಲಿ ಬಹಳ ಜನ ಮೋಸಹೋಗುತ್ತಾರೆ. ಅದು ಮೊದಲೇ ನಿಗದಿ ಮಾಡಿದ ಕನಿಷ್ಠ ಅಂಕವಲ್ಲ, ಹಿಂದಿನ ಸಲ ಕೊನೆಯ ಸೀಟು ಪಡೆದವರ ಅಂಕ. ಈ ವರ್ಷ ಅರ್ಜಿ ಹೆಚ್ಚು ಬಂದರೆ ಅದೂ ಬದಲಾಗುತ್ತದೆ.

ಸ್ವಿಟ್ಜರ್ಲೆಂಡಿನ ಇಟಿಎಚ್ ಜ್ಯೂರಿಕ್ ಅಷ್ಟು ಹೆಸರಾದ ಸಂಸ್ಥೆ. ಆ ದೇಶದ ಶಾಲೆ ಮುಗಿಸಿದವರಿಗೆ ಸಿಗುವ ಮತುರಾ ಪ್ರಮಾಣಪತ್ರ ಇದ್ದವರಿಗೆ ವೈದ್ಯಕೀಯ ಬಿಟ್ಟರೆ ಬೇರೆ ಡಿಗ್ರಿ ಕೋರ್ಸುಗಳಿಗೆ ಪ್ರವೇಶ ಪರೀಕ್ಷೆಯೇ ಇಲ್ಲ. ನಿಜವಾದ ಜರಡಿ ಮೊದಲ ವರ್ಷದ ಪರೀಕ್ಷೆ. ಎರಡು ಸಲ ಫೇಲಾದರೆ ಆ ಕೋರ್ಸು ಬಿಡಬೇಕು. ಬೇರೆ ದೇಶದ ಪ್ರಮಾಣಪತ್ರ ಇರುವವರಿಗೆ ನಿಯಮ ಬೇರೆ, ಡಿಗ್ರಿ ಪಾಠ ಬಹುಪಾಲು ಜರ್ಮನ್ ಭಾಷೆಯಲ್ಲಿ. ಒಳಗೆ ಹೋಗುವುದು ಸುಲಭ ಎನ್ನುವ ಕಡೆ ಒಂದು ವರ್ಷದ ನಂತರ ಎಷ್ಟು ಜನ ಉಳಿಯುತ್ತಾರೆ ಎಂದೂ ವಿಚಾರಿಸಿ.

ಪ್ರಶ್ನೆ: ಮಾಸ್ಟರ್ಸ್‌ಗೆ ಕೇಳಿರುವ ಜಿಪಿಎ 3.0, ನನ್ನದು 2.9. ಇಂಗ್ಲಿಷ್ ಪರೀಕ್ಷೆಯಲ್ಲೂ ಅರ್ಧ ಅಂಕ ಕಡಿಮೆ ಇದೆ. ಕೈಬಿಡಲೇ?

ಉತ್ತರ: ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ. ಇಂಗ್ಲಿಷ್ ಅಂಕದ ವಿಷಯದಲ್ಲಿ ಸಾಮಾನ್ಯವಾಗಿ ರಿಯಾಯಿತಿ ಇರುವುದಿಲ್ಲ. ಪರೀಕ್ಷೆಯನ್ನು ಇನ್ನೊಮ್ಮೆ ಬರೆಯಿರಿ, ಅರ್ಧ ಅಂಕ ದಕ್ಕುವಂಥದ್ದೇ. 2.9ಕ್ಕೆ ದಾರಿ ಬೇರೆ. ಹಲವು ಕಡೆ ವಿಭಾಗಕ್ಕೆ ನೀವು ಬೇಕು ಎನಿಸಿದರೆ ಅದೇ ಗ್ರಾಜುಯೇಟ್ ಸ್ಕೂಲಿಗೆ ಬರೆದು ವಿನಾಯಿತಿ ಕೇಳಬಹುದು. ನಾವೂ ಅಪರೂಪಕ್ಕೆ ಕೇಳಿದ್ದೇವೆ. ಮೊದಲ ವರ್ಷ ಕಾಯಿಲೆಯಿಂದ ಅಂಕ ಕುಸಿದು, ಕೊನೆಯ ಎರಡು ವರ್ಷ ಚೆನ್ನಾಗಿ ಓದಿದವರ ಪರವಾಗಿ ಕೇಳಿದ್ದೇವೆ, ಅಂಕ ವರ್ಷ ವರ್ಷ ಇಳಿಯುತ್ತಾ ಹೋದವರ ಪರವಾಗಿ ಕೇಳಿಲ್ಲ. ನಿಮ್ಮದು ಮೊದಲನೆಯ ಬಗೆಯಾಗಿದ್ದರೆ ಸೆಮಿಸ್ಟರ್‌ವಾರು ಅಂಕಪಟ್ಟಿ ಲಗತ್ತಿಸಿ, ವಿನಾಯಿತಿ ಕೇಳುವ ಪದ್ಧತಿ ನಿಮ್ಮಲ್ಲಿ ಇದೆಯೇ ಎಂದು ವಿಭಾಗಕ್ಕೆ ಮೇಲ್ ಮಾಡಿ. ಅವರ ಉತ್ತರ ನೋಡಿಕೊಂಡು ಅರ್ಜಿ ಶುಲ್ಕ ಕಟ್ಟಿ.